ಋಣ ಚಿಹ್ನೆ

ಸೆಮೊಂಕಾಂಗಿನಿಂದ ಮೇಲಕ್ಕೆ ಬಸ್ಸಿಲ್ಲ.
ಬಾಡಿಗೆ ಕುದುರೆ, ಅದರ ಬೆನ್ನಿಗೆ ನನ್ನ ಚೀಲ,
ಚೀಲದಲ್ಲಿ ನೂರಾ ನಲವತ್ತು ಪ್ರಶ್ನಾವಳಿ,
ಹಿಮ ಬಿದ್ದೀತೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಸ್ನಾತಕೋತ್ತರ, ಎರಡನೆಯ ವರ್ಷ.
ವಿಷಯ: ಶಾಲೆಯ ಹೊರಗುಳಿದ ಕುರಿಗಾಹಿ ಹುಡುಗರು.
'ಬೇರೆ ಕಡೆ ಹುಡುಗಿಯರನ್ನು ಹುಡುಕಬೇಕು,
ನಮ್ಮ ಲೆಸೊಥೊದಲ್ಲಿ ತಿರುಗುಮುರುಗು,
ದಾನಿಗಳಿಗೆ ಇದು ಹಿಡಿಸುತ್ತದೆ' ಎಂದಿದ್ದರು ಮಾರ್ಗದರ್ಶಕರು.

ಬೆಟ್ಟದ ಹೆಗಲ ಮೇಲೆ ಕಲ್ಲಿನ ಗುಡಿಸಲು.
ಒಳಗೆ ಹೊಗೆ, ನಾಲ್ಕು ನಾಯಿ, ತೆಫೊ.
ವಯಸ್ಸು? 'ದೊಡ್ಡ ಹಿಮ ಸುರಿದ ವರ್ಷ ಹಾಲುಹಲ್ಲು ಬಿತ್ತು.'
ಹದಿಮೂರು ಎಂದು ಬರೆದುಕೊಂಡೆ.
ಸಂಬಳ? ವರ್ಷಕ್ಕೆ ಹನ್ನೆರಡು ಕುರಿ, ಒಂದು ಜೊತೆ ಬೂಟು.
ಬೂಟು ಈ ವರ್ಷ ಬಂದಿಲ್ಲ.
ಶಾಲೆಗೆ ಹೋಗದಿರಲು ಕಾರಣ?
ಒಂದು, ದೂರ. ಎರಡು, ಶುಲ್ಕ. ಮೂರು, ಕೆಲಸ.
ನಾಲ್ಕು, ಆಸಕ್ತಿ ಇಲ್ಲ.
ನಾಯಿಯ ಕಿವಿಯಿಂದ ಉಣ್ಣಿ ಕೀಳುತ್ತ ಯೋಚಿಸಿದ.
'ಯಾರಾದರೊಬ್ಬರು ಇಲ್ಲಿರಬೇಕಲ್ಲ, ಅಕ್ಕ.
ತಂಗಿ ಅಲ್ಲಿದ್ದಾಳೆ.'
ಐದನೆಯ ಚೌಕ ಇರಲಿಲ್ಲ ನನ್ನ ಹಾಳೆಯಲ್ಲಿ.
ತೊಂಬತ್ತೊಂಬತ್ತು ಎಂದು ಹಾಕಿದೆ.
ತೊಂಬತ್ತೊಂಬತ್ತು ಅಂದರೆ, ತಿಳಿಯದು.

ಸಂಜೆ ಮಂದೆ ದೊಡ್ಡಿಗೆ ಬಂತು.
ಇಪ್ಪತ್ತರಾಚೆ ಎಣಿಸಲು ಬಾರದ ಹುಡುಗ
ಒಮ್ಮೆ ಕಣ್ಣಾಡಿಸಿ, 'ಕಿವಿ ಹರಿದದ್ದು ಬಂದಿಲ್ಲ,
ಅದರ ಮರಿಯೂ' ಎಂದವನೇ
ಕಂಬಳಿ ಬಿಗಿದು ಕತ್ತಲಿಗೆ ಇಳಿದ.
ಯಾರು ಬಂದಿಲ್ಲವೆಂದು ನನಗೆ ಗೊತ್ತಾಗುವುದು
ಕಂಬಸಾಲಿನ ಕೊನೆಗೆ ಸೊನ್ನೆಗಳನ್ನು ಕೂಡಿದ ಮೇಲೆ.
ಬೆಳಗಾದರೂ ಅವನು ಮರಳಿರಲಿಲ್ಲ.
'ಸಂದರ್ಶನ ಪೂರ್ಣ' ಎಂದು ಗುರುತು ಹಾಕಿ
ಕುದುರೆ ಹತ್ತಿದೆ.

ಓದದಿದ್ದರೆ ಹೋಗಿ ಕುರಿ ಕಾಯಿರಿ,
ಎನ್ನುತ್ತಿದ್ದರು ನಮ್ಮ ಮೇಷ್ಟರು. ತರಗತಿ ನಗುತ್ತಿತ್ತು.
ನಾನೂ ನಕ್ಕಿದ್ದೇನೆ.
ಆ ಹೊತ್ತಿಗೆ ಅಣ್ಣ ಮೊಹಾಪಿ ನಿಜಕ್ಕೂ ಕುರಿ ಕಾಯುತ್ತಿದ್ದ,
ಇದೇ ಬೆಟ್ಟಸಾಲಿನ ಆಚೆ ಮಗ್ಗುಲಲ್ಲಿ.
ಅವನ ಹನ್ನೆರಡರಲ್ಲಿ ಏಳು ನನ್ನ ಶುಲ್ಕ,
ಮೂರು ಸಮವಸ್ತ್ರ, ಪುಸ್ತಕ,
ಒಂದು ಅಪ್ಪನ ಸಾವಿನ ಊಟ.
ಉಳಿದೊಂದನ್ನು ನರಿ ತಿಂದಿತು.

ರೋಮಾದ ಕಂಪ್ಯೂಟರ್ ಕೋಣೆ, ರಾತ್ರಿ ಹನ್ನೊಂದು.
ಮನೆಯಲ್ಲಿ ಓದುವ ತಂಗಿ ಇದ್ದಾಳೆಯೇ? ಹೌದಾದರೆ ಒಂದು.
ಗುಂಡಿ ಒತ್ತಿದೆ.
ಅಂಕಿ ಬಂತು, ಎಡಕ್ಕೊಂದು ಪುಟ್ಟ ಅಡ್ಡಗೀಟು:
ಋಣ.
ಗಣಿತಕ್ಕೂ ಅದೇ ಮಾತು, ಮನೆಗೂ ಅದೇ.
ನೆತ್ತಿಯ ಮೇಲೆ ಎರಡು ನಕ್ಷತ್ರ,
ಅಂದರೆ ಆಕಸ್ಮಿಕವಲ್ಲ.

ಆಮೇಲೆ ಎಲ್ಲ ಬೇಗಬೇಗ. ಪ್ರಿಟೋರಿಯಾದಲ್ಲಿ ಕೆಲಸ.
ಜಿನೀವಾದ ಗಾಜಿನ ಸಭೆಯಲ್ಲಿ ನನಗೆ ಹನ್ನೆರಡು ನಿಮಿಷ,
ಸಮಾನತೆ ಎಂಬ ಪದಕ್ಕೆ ಇಡೀ ಮಧ್ಯಾಹ್ನ.
ಬೇಡಬೇಡವೆಂದುಕೊಂಡೂ ದಿನಭತ್ಯೆಯ ಲೆಕ್ಕ ಹಾಕಿದೆ:
ಮೂರು ಕುರಿ, ಮತ್ತೊಂದರ ಹಿಂಗಾಲು.
ಕಾಫಿಯ ಹೊತ್ತಿನಲ್ಲಿ ಯಾರೋ ಹೆಸರಿನ ಅರ್ಥ ಕೇಳಿದರು.
ಪುಸೆಲೆತ್ಸೊ, ಕಳೆದದ್ದಕ್ಕೆ ಬದಲಾಗಿ ಕೊಟ್ಟದ್ದು, ಎಂದೆ.
ಎಷ್ಟು ಚಂದ, ಎಂದರು.
ಕಳೆದದ್ದು ಯಾರದು ಎಂದು ಕೇಳಲಿಲ್ಲ.

ರಜೆಗೆ ಹೋದಾಗ ಪ್ರಬಂಧವನ್ನು ಮೊಹಾಪಿಯ ಕೈಗಿಟ್ಟೆ.
ಈಗಷ್ಟೇ ಹುಟ್ಟಿದ ಮರಿಯನ್ನು ತೂಗುವಂತೆ ತೂಗಿ ನೋಡಿದ.
'ಇದರಲ್ಲಿ ನಾನಿದ್ದೇನಾ?'
ಇದ್ದೀಯ. ಪುಟ ಅರವತ್ತೆರಡು, ಕೋಷ್ಟಕ ಏಳು.
'ತೋರಿಸು.'
ಒಡೆದ ಉಗುರಿನ ಅವನ ಬೆರಳು ಹಿಡಿದು
ಆ ಗೀಟಿನ ಮೇಲೆ ಇಟ್ಟೆ.
'ಇಷ್ಟೇನಾ?'
ಇಷ್ಟೇ.
ಬಹಳ ಹೊತ್ತು ನೋಡಿದ, ಕಣ್ಣು ಕಿರಿದು ಮಾಡಿ,
ದೂರದ ಇಳಿಜಾರಿನಲ್ಲಿ ಯಾವುದೋ ಒಂದನ್ನು ಹುಡುಕುವ ಹಾಗೆ.
'ನೆಟ್ಟಗಂತೂ ಎಳೆದಿದ್ದೀಯ' ಎಂದ,
ಪುಸ್ತಕ ಮುಚ್ಚಿ
ನಾಯಿಗೆ ಸಿಳ್ಳೆ ಹಾಕಿದ.